ಗುರುತ್ವ

ಸಂಸ್ಕೃತದ 'ಗುರು' ಎಂದರೆ ಭಾರವಾದದ್ದು. ಪಾಠ ಹೇಳುವ ಗುರು, ಛಂದಸ್ಸಿನಲ್ಲಿ ಎರಡು ಮಾತ್ರೆಯ ಗುರು, ಪತ್ರಿಕೆಗಳ 'ಗುರುತರ ಆರೋಪ' ಎಲ್ಲದರಲ್ಲೂ ಆ ತೂಕವೇ ಇದೆ. ಲ್ಯಾಟಿನ್ನಿನ 'ಗ್ರಾವಿಸ್' ಇದರ ದೂರದ ದಾಯಾದಿ. 'ಗ್ರಾವಿಟಿ' ಹುಟ್ಟಿದ್ದು ಅದರಿಂದ. ವೈಶೇಷಿಕ ದರ್ಶನದವರಿಗೆ ಗುರುತ್ವವೆಂದರೆ ವಸ್ತು ಕೆಳಗೆ ಬೀಳಲು ಕಾರಣವಾದ ಗುಣ.

ಶಾಲೆಯ ಪುಸ್ತಕಗಳು 'ಗುರುತ್ವಾಕರ್ಷಣೆ' ಎನ್ನುತ್ತವೆ. ನ್ಯೂಟನ್‌ಗೆ ಅದು ಸರಿ. 1915ರ ಐನ್‌ಸ್ಟೈನ್ ಸಿದ್ಧಾಂತದಲ್ಲಿ ಸೆಳೆತವಿಲ್ಲ, ದೇಶಕಾಲದ ಬಾಗು ಇದೆ. ಅಲ್ಲಿಗೆ ಬರೀ 'ಗುರುತ್ವ'ವೇ ನನಗೆ ಮೆಚ್ಚು.

ಈ ನಿಯಮಗಳನ್ನೇ ಬದಲಿಸಲು ಹೊರಟ 'ಪರ್ಯಾಯ ಗುರುತ್ವ' ಎಂದರೆ ಮೊದಲು ನೆನಪಾಗುವವರು ಇಸ್ರೇಲಿನ ಭೌತವಿಜ್ಞಾನಿ ಮಿಲ್‌ಗ್ರೋಮ್. ಗ್ಯಾಲಕ್ಸಿಗಳ ಅಂಚಿನ ನಕ್ಷತ್ರಗಳು ಲೆಕ್ಕ ಮೀರಿ ವೇಗವಾಗಿ ಸುತ್ತುತ್ತವೆ. ಅದಕ್ಕೆ ಕಾಣದ ದ್ರವ್ಯ, ಅಂದರೆ ಕಪ್ಪುದ್ರವ್ಯ ಬೇಡ, ವೇಗೋತ್ಕರ್ಷ ತೀರಾ ಕಡಿಮೆಯಿದ್ದಲ್ಲಿ ನಿಯಮವೇ ಬೇರೆ ಎಂದು ಅವರು 1983ರಲ್ಲಿ ವಾದಿಸಿದರು. ಸುತ್ತುವ ವೇಗದ ಲೆಕ್ಕ ಚೆನ್ನಾಗಿಯೇ ಕೂಡಿಬಂತು. ತೊಡಕಾದದ್ದು ವಿಶ್ವದ ರಚನೆ ಬೆಳೆದ ಬಗೆಯಲ್ಲಿ. ಮಹಾಸ್ಫೋಟವಾಗಿ ಸುಮಾರು 3,80,000 ವರ್ಷಗಳ ಮೇಲೆ ಹೊರಟ ಬೆಳಕಿನಲ್ಲಿ ಕಾಣುವ ಏರಿಳಿತ ಲಕ್ಷಕ್ಕೆ ಒಂದರಷ್ಟು. ಅಲ್ಲಿಯವರೆಗೆ ಬೆಳಕಿನ ಒತ್ತಡ ಸಾಮಾನ್ಯ ದ್ರವ್ಯವನ್ನು ಒಟ್ಟುಗೂಡಲು ಬಿಟ್ಟಿರಲಿಲ್ಲ. ಕಪ್ಪುದ್ರವ್ಯಕ್ಕೆ ಆ ತಡೆಯಿಲ್ಲ, ಅದು ಮೊದಲೇ ಗುಡ್ಡೆಗಟ್ಟಬಲ್ಲದು. ಅದನ್ನು ಕೈಬಿಟ್ಟರೆ ಇಂದಿನ ಗ್ಯಾಲಕ್ಸಿಗಳು ಮೂಡಲು ಸಮಯ ಸಾಲದು. 2021ರಲ್ಲಿ ಭೌತವಿಜ್ಞಾನಿಗಳಾದ ಸ್ಕೋರ್ಡಿಸ್ ಮತ್ತು ಜ್ಲೋಸ್ನಿಕ್ ಹೊಸ ಕ್ಷೇತ್ರಗಳನ್ನು ಸೇರಿಸಿ, ಆ ಏರಿಳಿತಕ್ಕೂ ಹೊಂದುವ ಸಿದ್ಧಾಂತ ಕೊಟ್ಟರು. ದಿಟ್ಟ ಕೆಲಸವದು. ಆದರೆ ಆದಿಯ ವಿಶ್ವದಲ್ಲಿ ಆ ಕ್ಷೇತ್ರಗಳ ನಡವಳಿಕೆ ಹೆಚ್ಚುಕಡಿಮೆ ಕಪ್ಪುದ್ರವ್ಯದ್ದೇ.