ಮೃದಂಗದ ಚರ್ಮ ಹದ ಮಾಡಿದ್ದು ಯಾರು?

ಈ ಸಲ ಬೆಂಗಳೂರಲ್ಲಿ ರಾಮನವಮಿ ಕಚೇರಿಗೆ ಹೋಗಿದ್ದೆ. ಹೌದು, ನಾನೇ. ಗಾಯಕಿ ಕಲ್ಯಾಣಿ ಆಲಾಪನೆ ಮುಗಿಸಿ, ನೆರವಲ್‌ನಲ್ಲಿ ಒಂದೇ ಸಾಲನ್ನ ಹತ್ತಾರು ಥರ ಹಾಡಿದ್ರು. ಮಾತು ಅದೇ, ತಾಳ ಅದೇ. ಸಂಚಾರ ಮಾತ್ರ ಆ ಕ್ಷಣದಲ್ಲೇ ಹುಟ್ಟುತ್ತಿತ್ತು. ಮೃದಂಗದವರು ಅವರ ಉಸಿರು ಹಿಡಿದೇ ನಡೆದ್ರು. ತನಿಯಾವರ್ತನ ಶುರುವಾದಾಗ ಸುಮಾರು ಜನ ಕಾಫಿಗೆ ಎದ್ದರು. ನಾನು ಏಳಲಿಲ್ಲ. ತಮಟೆ ಬಡಿದವನ ಮಗ ನಾನು.

ಆ ನಾದದೊಳಗೆ ಹಸು, ಮೇಕೆ, ಎಮ್ಮೆ ಮೂರರ ಚರ್ಮ ಇದೆ. ಅದನ್ನ ಹದ ಮಾಡಿ, ಬಿಗಿದು, ಶ್ರುತಿಗೆ ತಂದವರಲ್ಲಿ ತಮಿಳುನಾಡಿನ ದಲಿತ ಕ್ರೈಸ್ತ ಕುಟುಂಬಗಳೇ ಮುಖ್ಯ. ಪಾಲ್ಘಾಟ್ ಮಣಿ ಅಯ್ಯರ್ ಹೆಸರು ರಸಿಕರಿಗೆಲ್ಲ ಗೊತ್ತು. ಅವರಿಗೆ ಮೃದಂಗ ಕಟ್ಟಿಕೊಟ್ಟ ಪರ್ಲಾಂದು ಎಷ್ಟು ಜನಕ್ಕೆ ಗೊತ್ತು? ಇವರ ಚರಿತ್ರೆಯನ್ನ ಟಿ.ಎಂ. ಕೃಷ್ಣ ‘ಸೆಬಾಸ್ಟಿಯನ್ ಅಂಡ್ ಸನ್ಸ್’ನಲ್ಲಿ ಬರೆದರು. 2020ರಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಅನುಮತಿಯನ್ನ ಚೆನ್ನೈನ ಕಲಾಕ್ಷೇತ್ರ ವಾಪಸ್ ತಗೊಂಡಿತು. ಚರ್ಮ ವೇದಿಕೆ ಮೇಲೆ ಇರಬಹುದು, ಅದರ ಮಾತು ಮಾತ್ರ ಬೇಡ!

ವೇದಿಕೆ ಮೇಲೆ ಹುಟ್ಟೋದನ್ನ ‘ಮನೋಧರ್ಮ’ ಅಂತಾರೆ. ಚರ್ಮ ಮುಟ್ಟಿ, ಕಿವಿಗೊಟ್ಟು, ಎಲ್ಲಿ ಎಷ್ಟು ಬಿಗಿಯಬೇಕು ಅಂತ ತೀರ್ಮಾನಿಸೋದೂ ಮನೋಧರ್ಮವೇ. ಈ ಸಂಗೀತ ಬೇಡ ಅನ್ನಲ್ಲ ನಾನು. ಇದರಲ್ಲಿ ನಮ್ಮೋರ ಹೆಸರೂ ಇರಲಿ ಅಂತೀನಿ.

ಜೈ ಭೀಮ್.