ಪೊಟ್ಟಣದ ಬೆನ್ನ ಮೇಲಿನ ಬರಹ: ಮುಟ್ಟಳ್ಳಿಯ ಕರಾವಳಿಯಲ್ಲಿ ಹದಿಹರೆಯದವರ ಆಹಾರ ಶಿಕ್ಷಣ

ಭಟ್ಕಳದ ಮಗ್ಗುಲಲ್ಲಿರುವ ಮುಟ್ಟಳ್ಳಿಯಿಂದ ಹೊನ್ನಾವರ, ಕುಮಟಾಗಳವರೆಗಿನ ಮನೆಗಳಲ್ಲಿ ಮೀನು ಕೊಳ್ಳುವುದೇ ಒಂದು ಓದು. ಕಿವಿರು ಎತ್ತಿ ಕೆಂಪಿದೆಯೇ ಎಂದು ನೋಡುತ್ತಾರೆ. ಕಣ್ಣಿನ ಹೊಳಪನ್ನು ಗಮನಿಸುತ್ತಾರೆ. ಬೆರಳಿನಿಂದ ಒತ್ತಿದಾಗ ಬಿದ್ದ ಕುಳಿ ಮತ್ತೆ ಮೇಲೇಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಬುಟ್ಟಿಯ ಬಂಗಡೆಗೆ ಲೇಬಲ್ ಇಲ್ಲ, ಆದರೂ ಅಜ್ಜಿಯ ಪಕ್ಕದಲ್ಲಿ ಕೂತ ಹುಡುಗಿ ಅದನ್ನು ಓದಲು ಕಲಿಯುತ್ತಾಳೆ. ಅದೇ ಹುಡುಗಿ ಶಾಲೆಯ ದಾರಿಯ ಗೂಡಂಗಡಿಯಲ್ಲಿ ಪೊಟ್ಟಣವೊಂದನ್ನು ಕೊಂಡಾಗ ಅದರ ಬೆನ್ನನ್ನು ತಿರುಗಿಸಿ ನೋಡುವುದಿಲ್ಲ. ಇದನ್ನು ಮಕ್ಕಳ ಅಸಡ್ಡೆ ಎಂದು ಬಗೆಯುವುದು ಸುಲಭ. ಆ ಬರಹ ಅವಳಿಗಾಗಿ ಬರೆದದ್ದೇ ಅಲ್ಲ ಎಂಬುದು ಈ ಲೇಖನದ ವಾದ. ಅದರ ಭಾಷೆ ಅವಳದಲ್ಲ, ಅದರ ಲೆಕ್ಕವೂ ಅವಳ ಅಡುಗೆಮನೆಯದಲ್ಲ.

ಮೊದಲು ಭಾಷೆಯ ಮಾತು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ. ಅದರಡಿ ರೂಪುಗೊಂಡ 2020ರ ಲೇಬಲ್ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆಯನ್ನು ಜೊತೆಗೆ ಬಳಸಲು ಅಡ್ಡಿಯಿಲ್ಲ, ಒತ್ತಾಯವೂ ಇಲ್ಲ. ಭಟ್ಕಳದ ತರಗತಿಯೊಂದರಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಮನೆಮಾತಿನ ಮಕ್ಕಳು ಒಟ್ಟಿಗೆ ಕೂರಬಹುದು. ಇವರಲ್ಲಿ ಯಾರ ಮನೆಮಾತೂ ಆ ವಿವರಗಳಲ್ಲಿ ಇರಲೇಬೇಕೆಂದಿಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ರಾಜ್ಯದಲ್ಲಿ ತಯಾರಾಗುವ ಉತ್ಪನ್ನಗಳ ಹೆಸರು ಮತ್ತು ಬಳಕೆಯ ಸೂಚನೆಗಳತ್ತ ಗಮನ ಹರಿಸಿರುವುದು ಸ್ವಾಗತಾರ್ಹ. ಆದರೆ ಆರೋಗ್ಯದ ಪ್ರಶ್ನೆ ಇರುವುದು ಪೊಟ್ಟಣದ ಹೆಸರಿನಲ್ಲಲ್ಲ, ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಮತ್ತು ಪೋಷಕಾಂಶಗಳ ಕೋಷ್ಟಕದಲ್ಲಿ.

ಆ ಪಟ್ಟಿಯ ಒಂದು ಗುಟ್ಟನ್ನು ಮಕ್ಕಳಿಗೆ ಹೇಳಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ: ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಹಣ್ಣಿನ ಚಿತ್ರವಿರುವ ಪೊಟ್ಟಣದಲ್ಲಿ ನೀರು, ಸಕ್ಕರೆ ಮೊದಲು ಬಂದು ಹಣ್ಣಿನ ರಸ ಆಮೇಲೆ ಬಂದಿದ್ದರೆ, ಮುಂಬದಿಯ ಚಿತ್ರಕ್ಕಿಂತ ಹಿಂಬದಿಯ ಕ್ರಮವೇ ಸತ್ಯ ಹೇಳುತ್ತದೆ. ಮನೆಯಲ್ಲಿ ಮುರುಗಲು ಹಣ್ಣಿನ ಪಾನಕಕ್ಕೆ ಎಷ್ಟು ಬೆಲ್ಲ ಬಿತ್ತೆಂದು ಕಣ್ಣಾರೆ ಕಂಡ ಮಗುವಿಗೆ ಈ ಹೋಲಿಕೆ ತಟ್ಟನೆ ಹೊಳೆಯುತ್ತದೆ.

ಲೆಕ್ಕದ ತೊಡಕು ಇನ್ನೂ ಆಳವಾದದ್ದು. ಸಿಹಿ ಪಾನೀಯವೊಂದರ ಮೇಲೆ 100 ಮಿಲಿಲೀಟರಿಗೆ 11 ಗ್ರಾಂ ಸಕ್ಕರೆ ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಹನ್ನೊಂದು ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ಹುಡುಗ ಕುಡಿಯುವುದು 250 ಮಿಲಿಲೀಟರಿನ ಬಾಟಲಿಯನ್ನು. ಅಂದರೆ ಅವನ ಹೊಟ್ಟೆಗೆ ಹೋದದ್ದು 27.5 ಗ್ರಾಂ, ಚಹಾ ಚಮಚದ ಲೆಕ್ಕದಲ್ಲಿ ಐದೂವರೆ ಚಮಚ. ಲೇಬಲ್ಲಿನ ಶೇಕಡಾವಾರು ಲೆಕ್ಕ ನಿಂತಿರುವುದು ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾದ ವಯಸ್ಕರ ಮೇಲೆ. ಅವರಿಗೆ ದಿನವೊಂದಕ್ಕೆ ಸೇರಿಸಿದ ಸಕ್ಕರೆಯ ಮಿತಿ 50 ಗ್ರಾಂ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಬಾಟಲಿಯಲ್ಲಿ ಮುಗಿಯಿತು. ಎಂಟನೆಯ ತರಗತಿಯ ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಗಾಜಿನ ಲೋಟವೊಂದಕ್ಕೆ ಐದೂವರೆ ಚಮಚ ಸಕ್ಕರೆ ಸುರಿದು ತೋರಿಸಿದರೆ ಭಾಷಣದ ಅಗತ್ಯ ಬೀಳದು.

ಉಪ್ಪಿನ ವಿಷಯದಲ್ಲಿ ಈ ಸೀಮೆಗೆ ಒಂದು ಭಾಗ್ಯವಿದೆ. ಲೇಬಲ್ಲು ಉಪ್ಪು ಎನ್ನದೆ ಸೋಡಿಯಂ ಎನ್ನುತ್ತದೆ, ಮಕ್ಕಳಿಗೆ ಅದು ರಸಾಯನಶಾಸ್ತ್ರದ ಮಾತಾಗಿಬಿಡುತ್ತದೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದಲ್ಲಿ ಅಘನಾಶಿನಿಯ ಉಪ್ಪುನೀರು ಗದ್ದೆಗಳಲ್ಲಿ ಬಿಸಿಲಿಗೆ ಹರಳುಗಟ್ಟುವುದನ್ನು ಒಮ್ಮೆ ನೋಡಿದ ವಿದ್ಯಾರ್ಥಿಗೆ ಆ ಪದ ನೆಲಕ್ಕಿಳಿಯುತ್ತದೆ. ಸೋಡಿಯಂ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 2000 ಮಿಲಿಗ್ರಾಂ ಸೋಡಿಯಂ ಎಂದರೆ 5 ಗ್ರಾಂ ಉಪ್ಪು, ಒಂದು ಚಹಾ ಚಮಚ. ಇಷ್ಟೇ ದಿನದ ಮಿತಿ. ಒಣಮೀನು, ಉಪ್ಪಿನಕಾಯಿ, ಹಪ್ಪಳಗಳೂ ಇದೇ ಚಮಚದೊಳಗೆ ಬರಬೇಕೆಂದು ಹೇಳುವ ಪ್ರಾಮಾಣಿಕತೆ ಶಿಕ್ಷಕರಿಗೆ ಇರಬೇಕು. ಮನೆಯದೆಲ್ಲ ಅಮೃತ, ಅಂಗಡಿಯದೆಲ್ಲ ವಿಷ ಎಂಬ ಪಾಠವನ್ನು ಹದಿನಾಲ್ಕರ ಮಕ್ಕಳು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ನಿಯಮದಲ್ಲಿ ಇನ್ನೊಂದು ಬಿರುಕಿದೆ. ಮೇಲ್ಮೈ 100 ಚದರ ಸೆಂಟಿಮೀಟರ್ ಮೀರದ ಪೊಟ್ಟಣಗಳಿಗೆ ಪೋಷಕಾಂಶಗಳ ಕೋಷ್ಟಕದಿಂದ ವಿನಾಯಿತಿ ಇದೆ. ಆ ವಿವರ ದೊಡ್ಡ ಸಗಟು ಪೊಟ್ಟಣದ ಮೇಲಿದ್ದರೆ ಸಾಕು. ಚಿಲ್ಲರೆ ಕಾಸಿಗೆ ಮಗು ಕೊಳ್ಳುವ ಮಿಠಾಯಿ ಇಂಥದೇ. ಅದರ ವಿವರವಿರುವ ಡಬ್ಬಿ ಅಂಗಡಿಯವನ ಬಳಿಯೇ ಉಳಿಯುತ್ತದೆ.

ಲೇಬಲ್ಲನ್ನು ಪೂರ್ತಿ ಓದಿದರೂ ಸಿಗದ ಒಂದು ಸಂಗತಿ ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯ: ಕಬ್ಬಿಣ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19ರ ಪ್ರಾಯದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ 13ರಿಂದ 15ರ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು. ಕಡ್ಡಾಯ ಕೋಷ್ಟಕದಲ್ಲಿ ಕಬ್ಬಿಣದ ಸಾಲೇ ಇಲ್ಲ. ಅದು ಇರುವುದು ಲೇಬಲ್ ಇಲ್ಲದ ತಿನಿಸುಗಳಲ್ಲಿ: ಅಳಿವೆಯ ಬಳಚು, ಮೀನು, ಹರಿವೆ ಸೊಪ್ಪು, ಹುರುಳಿ. ಸೊಪ್ಪು ಕಾಳುಗಳ ಕಬ್ಬಿಣ ಮೈಗೆ ಹತ್ತಲು ನಿಂಬೆ, ನೆಲ್ಲಿಯ ಹುಳಿ ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿದ ಚಹಾ ಅಡ್ಡಿ ಮಾಡುತ್ತದೆ. ಕುಚ್ಚಲಕ್ಕಿಯದೂ ಇಂಥದೇ ಕಥೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ತವುಡಿನ ಬಿ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ, ಹಾಗಾಗಿ ಮಿಲ್ಲಿನ ಬಿಳಿ ಅಕ್ಕಿಗಿಂತ ಗಂಜಿಯ ಅಕ್ಕಿಯಲ್ಲಿ ಅದು ಹೆಚ್ಚು ಉಳಿದಿರುತ್ತದೆ. ಗಂಜಿಯನ್ನು ಬಡತನದ ಗುರುತೆಂದು ನಾಚುವ ಹುಡುಗ ಹುಡುಗಿಯರಿಗೆ ಇದು ಗೊತ್ತಾಗಬೇಕು. ಲೇಬಲ್ ಓದುವುದನ್ನಷ್ಟೇ ಕಲಿಸಿ ಇದನ್ನು ಬಿಟ್ಟರೆ, ಅಚ್ಚಾದ ಅಂಕಿ ಇರುವುದೇ ಆಹಾರ ಎಂಬ ಭಾವನೆ ಬಲಿಯುವ ಅಪಾಯವಿದೆ.

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸು ಮಾರಬಾರದೆಂಬ ನಿಯಮ 2020ರಿಂದ ಇದೆ. ಪೊಟ್ಟಣದ ಮುಂಬದಿಯಲ್ಲೇ ಎಚ್ಚರಿಕೆ ಇರಬೇಕೆಂಬ ವಿಚಾರ 2025ರಲ್ಲಿ ಸುಪ್ರೀಂ ಕೋರ್ಟಿನ ಮುಂದೂ ಬಂತು. ಚಿಲಿ ದೇಶದಲ್ಲಿ ಕಪ್ಪು ಅಷ್ಟಕೋನದ ಮುದ್ರೆ 2016ರಲ್ಲೇ ಜಾರಿಯಾಯಿತು. ಅಲ್ಲಿನ ಮಗು ಅಂಕಿ ಓದದೆಯೂ ಮುದ್ರೆಯನ್ನು ಗುರುತಿಸಬಲ್ಲದು. ನಮ್ಮಲ್ಲಿ ಆ ಮುದ್ರೆ ಬಂದರೂ ಅದರ ಪಕ್ಕದ ಮಾತು ಕನ್ನಡದಲ್ಲಿ ಇರಬೇಕು. ಪದಾರ್ಥಗಳ ಪಟ್ಟಿ ಮತ್ತು ಪೋಷಕಾಂಶಗಳ ಕೋಷ್ಟಕವನ್ನು ಮಾರಾಟವಾಗುವ ರಾಜ್ಯದ ಭಾಷೆಯಲ್ಲಿ ಕಡ್ಡಾಯಗೊಳಿಸುವಂತೆ ಕರ್ನಾಟಕ ಸರ್ಕಾರ ಕೇಂದ್ರದ ಆಹಾರ ಪ್ರಾಧಿಕಾರವನ್ನು ಒತ್ತಾಯಿಸಲಿ. ಅಲ್ಲಿಯವರೆಗೆ ಪ್ರೌಢಶಾಲೆಯ ಗಣಿತ, ವಿಜ್ಞಾನ ಶಿಕ್ಷಕರು ವಾರಕ್ಕೊಂದು ಖಾಲಿ ಪೊಟ್ಟಣವನ್ನು ತರಗತಿಗೆ ತಂದು, ಅದರ ಬೆನ್ನನ್ನು ಮಕ್ಕಳಿಂದಲೇ ಕನ್ನಡಕ್ಕೆ ಬರೆಯಿಸಲಿ.