ಕೃಷ್ಣಾ-ಭೀಮಾ ಸೀಮೆಯ ಕೆರೆಗಳೂ ಮೀನಿನ ಅಂಡಾಶಯವೂ

ಕೃಷ್ಣಾ-ಭೀಮಾ ನದಿಗಳ ನಡುವಣ ಸುರಪುರ, ಶಹಾಪುರ ಮತ್ತು ಭೀಮಾತೀರದ ಯಾದಗಿರಿಯ ಆರ್ಥಿಕ ಚರಿತ್ರೆಯನ್ನು ಬರೆಯುವಾಗ ಕೆರೆ ಕಾಲುವೆಗಳನ್ನು ಗಣಿಸುವುದುಂಟು. ಮೀನಿನ ಅಂಡಾಶಯವನ್ನು ಗಣಿಸುವುದಿಲ್ಲ. ಆದರೆ ಬಲೆ ಬೀಸಿ ಬದುಕುವವರ ಅನ್ನಕ್ಕೆ ಅದೇ ಮೂಲವಾಗಿದೆ.

ಸ್ತನಿಗಳಲ್ಲಿ ಅಂಡಮೂಲ ಕೋಶಗಳ ವಿಭಜನೆಯು ಸಾಮಾನ್ಯವಾಗಿ ಜನನದ ಸುಮಾರಿಗೇ ನಿಂತುಹೋಗುತ್ತದೆ. ಮೂಳೆಮೀನುಗಳಲ್ಲಿ ಬಹುಮಟ್ಟಿಗೆ ಅದು ಪ್ರೌಢಾವಸ್ಥೆಯಲ್ಲಿಯೂ ಮುಂದುವರಿಯುತ್ತದೆ. ಹೀಗೆ ಹುಟ್ಟಿದ ಅಂಡಕೋಶವು ಬೆಳೆದು ಆಹಾರದ್ರವ್ಯವನ್ನು ತುಂಬಿಕೊಳ್ಳುವಾಗ, ಅದನ್ನು ಸುತ್ತುವರಿದ ಪುಟಕಕೋಶಗಳು ವಿಭಜಿಸಿ ವೃದ್ಧಿಹೊಂದುತ್ತವೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಗಳಲ್ಲಿ ಈ ಕಾರ್ಯವು ನಿಂತ ನೀರಿನಲ್ಲಿಯೂ ನಡೆಯುತ್ತದೆ. ತತ್ತಿಯಿಡಲು ಮಾತ್ರ ಮಳೆಗಾಲದ ಹೊನಲು ಬೇಕು.

ಈ ಸೀಮೆಯಲ್ಲಿಯಾದರೋ ನಿಂತ ನೀರು ಕಾಲಕ್ರಮದಲ್ಲಿ ಹೆಚ್ಚುತ್ತ ಬಂದಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ಬೋನಾಳದ ಕೆರೆಯನ್ನು ವಿಸ್ತರಿಸಿದನು. 1964ರಲ್ಲಿ ಆಲಮಟ್ಟಿಯಲ್ಲಿ ಶಂಕುಸ್ಥಾಪನೆಯಾದ ಕೃಷ್ಣಾ ಮೇಲ್ದಂಡೆ ಯೋಜನೆಯ ಅಂಗವಾಗಿ 1982ರಲ್ಲಿ ನಾರಾಯಣಪುರದ ಬಸವಸಾಗರವು ಸಿದ್ಧವಾಯಿತು. ಗಂಗಾನದಿಯ ಮೂಲದ ಈ ಗೆಂಡೆಗಳನ್ನು ಕೆರೆಗಳಲ್ಲಿ ಸಾಕಬೇಕಾದರೆ ಹಿಂದೆ ನದಿಗಳಲ್ಲಿ ಹಿಡಿದ ಮರಿಗಳೇ ಗತಿಯಾಗಿದ್ದವು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಆಲಿಕುಂಞಿಯವರು ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ತತ್ತಿಯಿಡಿಸಿದರು. ಆಗ ಈ ಕಟ್ಟು ಕಳಚಿತು.

ಆ ಸಾರವು ಹೊಸ ಅಂಡಗಳನ್ನು ಸೃಷ್ಟಿಸಲಿಲ್ಲ; ಬೆಳೆದು ನಿಂತ ಅಂಡಕ್ಕೆ ಹೊನಲು ಕೊಡಬೇಕಾಗಿದ್ದ ಪ್ರೇರಣೆಯನ್ನು ಮಾತ್ರ ಕೊಟ್ಟಿತು. ಅಂಡವನ್ನು ಬೆಳೆಸುವುದು ತಿಂಗಳುಗಟ್ಟಲೆಯ ನೀರು ಮತ್ತು ಮೇವು. ಬೇಸಗೆಯಲ್ಲಿ ತಾಯಿಮೀನಿನ ಕೊಳವು ಬತ್ತಿದರೆ ಯಾವ ಚುಚ್ಚುಮದ್ದೂ ಫಲಿಸದು. ಜಲಾಶಯಗಳ ಚರಿತ್ರೆಯನ್ನು ಬರೆಯುವವರು ಎಕರೆಗಳ ಲೆಕ್ಕದೊಡನೆ ಈ ಲೆಕ್ಕವನ್ನೂ ಇಡುವುದು ಅವಶ್ಯ.